ಒಂದೇ ಹಾಳೆಯ ನವಿಲು

ನಮ್ಮ ಮಗ್ಗದ ಓನರ್ರ ಬಲಗಿವಿಯ ಮೇಲೆ ಯಾವಾಗಲೂ ನಾಲ್ಕೈದು ಎಳೆ ರೇಷ್ಮೆ ನೇತಾಡುತ್ತಿತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಎಳೆ ಕಡಿದರೆ ಗಂಟು ಹಾಕಲು ತಕ್ಷಣ ಕೈಗೆ ಸಿಗಲಿ ಎಂದು ಇಟ್ಟುಕೊಂಡದ್ದು. ಅದರ ಬಣ್ಣ ನೋಡಿದರೆ ಆ ದಿನ ಯಾವ ಮಗ್ಗ ತಂಟೆ ಮಾಡುತ್ತಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಬ್ಯಾಂಕಿಗೆ, ತಾಲ್ಲೂಕು ಆಫೀಸಿಗೆ, ಮದುವೆ ಮನೆಗೂ ಅವರು ಹಾಗೇ ಹೊರಟುಬಿಡುತ್ತಿದ್ದರು. ನಾವೆಲ್ಲ ಅಮ್ಮೋರು ಎಂದು ಕರೆಯುತ್ತಿದ್ದ ಅವರ ಹೆಂಡತಿ ಬೀದಿಯ ತನಕ ಓಡಿಬಂದು ಕಿವಿಯಿಂದ ಎಳೆ ತೆಗೆದು ಕಳಿಸಬೇಕಾಗುತ್ತಿತ್ತು.

ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಪಿಯುಸಿ ಕೈಬಿಟ್ಟ ಮೇಲೆ ನಾನು ಅಮ್ಮನ ಜೊತೆ ದೊಡ್ಡಬಳ್ಳಾಪುರದ ಆ ಶೆಡ್ಡಿಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದೆ. ಎಂಟು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ಅರ್ಥ ಮಾಡಿಕೊಳ್ಳಬೇಕು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದ ಓನರ್ರಿಗಂತೂ ಮೆಲ್ಲಗೆ ಮಾತಾಡುವುದೇ ಬರುತ್ತಿರಲಿಲ್ಲ. ಸಾವಿನ ಮನೆಗೆ ಸಮಾಧಾನ ಹೇಳಲು ಹೋದರೂ ಜಗಳಕ್ಕೆ ಬಂದವರ ಹಾಗೆ ಕೂಗುತ್ತಿದ್ದರು.

ಅವರ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುತ್ತಿದ್ದ ಮಾತೆಂದರೆ "ನಿಂದೂ ಸರಿ". ಬೆಂಗಳೂರಿನ ಸೀರೆ ವ್ಯಾಪಾರಿಯೊಬ್ಬ ಇವರ ಮಾಲನ್ನೆಲ್ಲ ಕೊಳ್ಳುತ್ತಿದ್ದ. ನಾವು ಸೇಠು ಎನ್ನುತ್ತಿದ್ದೆವು. ಸೂರತ್ತಿನಿಂದ ಇದೇ ಥರದ ಸೀರೆ ಅಗ್ಗಕ್ಕೆ ಬರುತ್ತಿದೆ, ನಿಮಗೆ ಗಿಟ್ಟದಿದ್ದರೆ ಬಿಡಿ ಎಂದು ಅವನು ಫೋನಿನಲ್ಲಿ ಹೇಳಿದರೆ ಇವರು "ನಿಮ್ದೂ ಸರಿ" ಎನ್ನುತ್ತಿದ್ದರು. ಹಬ್ಬಕ್ಕೆ ಕೂಲಿ ಹೆಚ್ಚಿಸಿ ಎಂದು ನಾವು ಕೇಳಿದರೆ ಅದಕ್ಕೂ ಅದೇ ಉತ್ತರ. ಈವಯ್ಯ ಒಂದಿನಾನಾದ್ರೂ ನಂದು ಸರಿ ಅಂದಿದ್ದು ಕಂಡಿದೀಯೇನೆ ಎಂದು ಅಮ್ಮ ನನ್ನನ್ನು ಕೇಳಿ ನಗುತ್ತಿದ್ದಳು.

ಶೆಡ್ಡಿನ ನಟ್ಟನಡುವೆ ಒಂದು ಗೋಡೆಯಿತ್ತು. ನಾನು ಸೇರುವುದಕ್ಕೆ ಕೆಲವು ವರ್ಷ ಮೊದಲು ಎಬ್ಬಿಸಿದ್ದು. ಸಣ್ಣ ನೇಕಾರರಿಗೆ ಮಗ್ಗದ ಕರೆಂಟು ಪುಕ್ಕಟೆ ಕೊಡಬೇಕೆಂದು ಊರಿನ ಮಗ್ಗದವರು ಧರಣಿ ಕೂತಾಗ ಓನರ್ರೂ ದಿನಗಟ್ಟಲೆ ಬಿಸಿಲಿನಲ್ಲಿ ಕೂತು ಘೋಷಣೆ ಕೂಗಿದ್ದರಂತೆ. ಆ ಗಂಟಲಿಗೆ ಮೈಕೇ ಬೇಕಾಗಿರಲಿಲ್ಲ. ಕೊನೆಗೆ ಕರೆಂಟು ಸಿಕ್ಕಿತು, ಆದರೆ ಒಂದು ಮೀಟರಿಗೆ ಇಷ್ಟೇ ಎಂಬ ಮಿತಿಯೊಂದಿಗೆ. ಎಂಟು ಮಗ್ಗ ಆ ಮಿತಿಯೊಳಗೆ ಬರುವುದಿಲ್ಲ. ನಾಲ್ಕೇ ಓಡಿಸಿದರೆ ಸೇಠು ಕೊಡುವ ರೇಟಿನಲ್ಲಿ ಸಂಸಾರ ನಡೆಯುವುದಿಲ್ಲ. ಯಾರೋ ಹೇಳಿಕೊಟ್ಟಂತೆ ಇವರು ನಡುವೆ ಗೋಡೆ ಕಟ್ಟಿಸಿ, ಆ ಕಡೆಯ ನಾಲ್ಕು ಮಗ್ಗವನ್ನು ಅಮ್ಮೋರ ಹೆಸರಿಗೆ ಮಾಡಿ ಎರಡನೇ ಮೀಟರು ಹಾಕಿಸಿದರು. ಬಾಗಿಲಿಟ್ಟರೆ ಎರಡೂ ಒಂದೇ ಎಂದಾರು ಎಂದು ಬಾಗಿಲನ್ನೂ ಇಡಲಿಲ್ಲ.

ಆ ಗೋಡೆಯಿಂದ ನಮ್ಮ ಕಡೆ ಗಾಳಿ ನಿಂತುಹೋಯಿತು. ಈ ಕಡೆ ಸುತ್ತಿದ ನೂಲನ್ನು ಆ ಕಡೆಗೆ ಕೊಡಬೇಕೆಂದರೆ ಬುಟ್ಟಿ ಹೊತ್ತು ಬೀದಿ ಸುತ್ತಿಕೊಂಡು ಹೋಗಬೇಕು. ಎರಡೂ ಕಡೆ ಮಗ್ಗ ನೋಡಿಕೊಳ್ಳುತ್ತಿದ್ದ ಓನರ್ರು ತಮ್ಮದೇ ಶೆಡ್ಡನ್ನು ದಿನಕ್ಕೆ ಎಷ್ಟು ಸಲ ಸುತ್ತು ಹಾಕುತ್ತಿದ್ದರೋ ಲೆಕ್ಕವಿಲ್ಲ.

ಗೋಡೆ ಇನ್ನೊಂದು ಕೆಲಸವನ್ನೂ ಮಾಡಿತು. ಹತ್ತು ಜನ ದುಡಿಯುವ ಕಡೆ ಎಲ್ಲರಿಗೂ ಇಎಸ್‌ಐ ಕಾರ್ಡು ಮಾಡಿಸಲೇಬೇಕು, ಅದಿದ್ದರೆ ಆಸ್ಪತ್ರೆಯ ಖರ್ಚಿಲ್ಲ. ನಾವು ಹನ್ನೊಂದು ಜನರಿದ್ದೆವು. ಆದರೆ ಗೋಡೆ ಬಂದ ಮೇಲೆ ಈ ಕಡೆ ಐದು, ಆ ಕಡೆ ಆರು. ಎಲ್ಲಿಯೂ ಹತ್ತಾಗಲಿಲ್ಲ.

ಅಮ್ಮನಿಗೆ ಗರ್ಭಕೋಶದಲ್ಲಿ ಗಡ್ಡೆಯಿದೆ, ತೆಗೆಸಲೇಬೇಕು ಎಂದು ಡಾಕ್ಟರು ಹೇಳಿದ ವರ್ಷ ನನಗೆ ಆ ಗೋಡೆ ಸರಿಯಾಗಿ ಕಂಡಿತು. ಅಮ್ಮ ಹೊಟ್ಟೆಗೆ ಟವೆಲ್ಲು ಬಿಗಿದುಕೊಂಡು ನೂಲು ಸುತ್ತುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ, ಕಾರ್ಡು ಮಾಡಿಸಿಕೊಡಿ ಎಂದು ಸರ್ಕಾರಕ್ಕೇ ಅರ್ಜಿ ಹಾಕೋಣ ಎಂದವಳು ಗಂಗಕ್ಕ. ನಮ್ಮ ಬೀದಿಯವಳೇ, ಅಮ್ಮನ ಜೊತೆ ಇಪ್ಪತ್ತು ವರ್ಷದಿಂದ ಒಂದೇ ತಟ್ಟೆಯಲ್ಲಿ ಉಪ್ಪಿನಕಾಯಿ ಹಂಚಿಕೊಂಡವಳು. ಬರೆಯುವ ಕೆಲಸ ನನ್ನ ತಲೆಗೆ ಬಂತು.

ಕದ್ದು ಬರೆಯಲು ಮನಸ್ಸಾಗದೆ ಓನರ್ರಿಗೆ ಹೇಳಿಯೇ ಬರೆದೆ. ಅವರು ಸ್ವಲ್ಪ ಹೊತ್ತು ಅಮ್ಮನ ಕಡೆ ನೋಡಿದರು. "ಬರಿ ಕಣಮ್ಮ. ಕೇಳ್ದೆ ಇದ್ರೆ ಯಾರ್ ಕೊಡ್ತಾರೆ, ನಾವೂ ಕೇಳೇ ತಗೊಂಡಿದ್ದು. ನಿಂದೂ ಸರಿ" ಎಂದರು. ಅದೇ ಸಂಜೆ ನನ್ನನ್ನು ಕರೆದು, ನಿಮ್ಮ ಘಟಕದಲ್ಲಿ ಎಷ್ಟು ಜನರಿದ್ದಾರೆ ಎಂದು ಇಎಸ್‌ಐ ಆಫೀಸಿನಿಂದ ಕಾಗದ ಬಂದಿದೆ, ಐದೇ ಜನ ಎಂದು ಉತ್ತರ ಬರೆದುಕೊಡು ಎಂದರು. ಮಾತು ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ. ನಾನು ಅದನ್ನೂ ಬರೆದೆ. ನನ್ನ ಕೆಲಸ ಹೋದರೆ ಅಮ್ಮನ ಮಾತ್ರೆಗೂ ಗತಿಯಿರಲಿಲ್ಲ.

ನಮ್ಮ ಶೆಡ್ಡಿನಲ್ಲಿ ಕಾಗದವೆಂದರೆ ಸೀರೆಯ ಅಂಚು, ಸೆರಗಿನ ಚಿತ್ರ ಬರೆಯುವ ಹಸಿರು ಚೌಕುಳಿಯ ಹಾಳೆ. ಸೇಠು ಬೇಡವೆಂದು ವಾಪಸು ಕಳಿಸಿದ ಚಿತ್ರಗಳ ಹಿಂಭಾಗದಲ್ಲೇ ನಮ್ಮ ಬರವಣಿಗೆಯೆಲ್ಲ ನಡೆಯುತ್ತಿತ್ತು. ನಾನು ಅಂಥ ಒಂದು ದೊಡ್ಡ ಹಾಳೆಯನ್ನು ಎರಡಾಗಿ ಹರಿದು, ಮಧ್ಯಾಹ್ನ ಒಂದು ತುಂಡಿನಲ್ಲಿ ಅರ್ಜಿ ಬರೆದು, ಸಂಜೆ ಇನ್ನೊಂದು ತುಂಡಿನಲ್ಲಿ ಉತ್ತರ ಬರೆದಿದ್ದೆ. ಹನ್ನೊಂದು ಸಹಿ ಬಿದ್ದ ಅರ್ಜಿಯೂ ಐದೇ ಜನ ಎಂಬ ಉತ್ತರವೂ ಒಂದೇ ಆಫೀಸಿಗೆ, ಒಂದೇ ಟೇಬಲ್ಲಿಗೆ ಹೋದವು. ಅರ್ಜಿಯ ಮೊದಲ ಸಹಿ ಗಂಗಕ್ಕನದು.

ಹತ್ತು ದಿನದ ಮೇಲೆ ಆ ಆಫೀಸಿನ ಇನ್ಸ್‌ಪೆಕ್ಟರು ಬಂದರು. ಒಳ್ಳೆಯ ಮನುಷ್ಯನೇ, ಕೊಟ್ಟ ಕಾಫಿಯನ್ನೂ ಕುಡಿಯಲಿಲ್ಲ. ಮಗ್ಗ ನಿಲ್ಲಿಸಲು ಹೇಳಿ, ಎರಡೂ ಕಾಗದಗಳನ್ನು ಬೆಂಚಿನ ಮೇಲೆ ಮಗುಚಿ ಹಾಕಿ, ಹರಿದ ಅಂಚಿಗೆ ಅಂಚು ಕೂಡಿಸಿದರು. ಒಂದರಲ್ಲಿ ನವಿಲಿನ ಕೊರಳಿತ್ತು, ಇನ್ನೊಂದರಲ್ಲಿ ಗರಿ. ಕೂಡಿಸಿದಾಗ ನವಿಲು ಇಡಿಯಾಗಿ ನಿಂತಿತು.

"ಯಾರು ಬರೆದದ್ದು?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನಾನೇ ಸಾರ್" ಎಂದರು ಓನರ್ರು.

ಎರಡನ್ನೂ ನೀವೇ ಬರೆದಿರಾ, ನಿಮ್ಮ ಮೇಲೆ ನೀವೇ ದೂರು ಕೊಟ್ಟಿರಾ ಎಂದು ಅವರು ನಕ್ಕರು. ಓನರ್ರು ನಗಲಿಲ್ಲ. ಕಿವಿಯ ಮೇಲಿನ ಎಳೆ ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ಇನ್ಯಾರ್ ಮೇಲ್ ಕೊಡ್ಲಿ ಸಾರ್? ಸೇಠು ಮೇಲೆ ಕೊಟ್ರೆ ಆರ್ಡರ್ ಹೋಗ್ತದೆ. ಸರ್ಕಾರದ್ ಮೇಲೆ ಕೊಟ್ರೆ ಕರೆಂಟ್ ಹೋಗ್ತದೆ. ಇವ್ರ ಮೇಲೆ ಕೊಡೋಕೆ ಇವ್ರೇನ್ ತಪ್ಪು ಮಾಡವ್ರೆ?" ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರಿಗೆ ಸಹಿ ಬಿಟ್ಟು ಬೇರೆ ಬರೆಯಲು ಬರುವುದಿಲ್ಲವೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಬಾಯಿ ಬಿಡಲು ಹೋದೆ. ಮಗ್ಗದ ಸದ್ದಿನಲ್ಲಿ ಮಾಡುತ್ತಿದ್ದ ಹಾಗೆ ಕೈ ಕೆಳಗೆ ಒತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು.

ಎರಡು ಘಟಕ ಒಂದೇ ಎಂದು ತೀರ್ಮಾನವಾಯಿತು. ನಮಗೆಲ್ಲ ಕಾರ್ಡು ಬಂತು. ಎಂಟು ಮಗ್ಗ ಒಂದೇ ಲೆಕ್ಕಕ್ಕೆ ಬಂದದ್ದರಿಂದ ಪುಕ್ಕಟೆ ಕರೆಂಟು ನಿಂತಿತು. ರೇಟು ಸ್ವಲ್ಪ ನೋಡಿಕೊಡಿ ಎಂದು ಸೇಠುವನ್ನು ಕೇಳಲು ಓನರ್ರು ಬೆಂಗಳೂರಿಗೆ ಹೋಗಿ ಬಂದರು. ಅವನು ಸೂರತ್ತಿನ ಸೀರೆಯೊಂದನ್ನು ಇವರ ಕೈಗೇ ಕೊಟ್ಟು ಕಳಿಸಿದ್ದನಂತೆ, ಮನೆಯವರಿಗೆ ಕೊಡಿ ಎಂದು. ಕೊನೆಗೆ ಮಿತಿಯೊಳಗೆ ಬರಲು ನಾಲ್ಕು ಮಗ್ಗವನ್ನು ಗುಜರಿಗೆ ಹಾಕಿದರು. ಗೋಡೆಯನ್ನು ಸುತ್ತಿಗೆ ಹಿಡಿದು ತಾವೇ ಒಡೆದರು. ಶೆಡ್ಡಿಗೆ ಮತ್ತೆ ಗಾಳಿ ಬಂತು, ಆದರೆ ಆ ಗಾಳಿಗೆ ಮೈಯೊಡ್ಡಲು ಐದು ಜನ ಕಡಿಮೆಯಾಗಿದ್ದರು. ಅವರಲ್ಲಿ ಗಂಗಕ್ಕನೂ ಒಬ್ಬಳು. ಒಮ್ಮೆ ಬಂದ ಕಾರ್ಡು ಜನ ಕಡಿಮೆಯಾದರೂ ಕೆಲಸದಲ್ಲಿ ಉಳಿದವರಿಗೆ ನಿಲ್ಲುವುದಿಲ್ಲ. ಅಮ್ಮನನ್ನು ಓನರ್ರು ಕೆಲಸದಿಂದ ತೆಗೆಯಲಿಲ್ಲ. ಆಪರೇಷನ್ ಆಗೋಗಂಟ ಆಯಮ್ಮನ ಹೆಸ್ರು ಇರ್ಲಿ ಎಂದು ಅಮ್ಮೋರಿಗೆ ಹೇಳಿದರಂತೆ.

ಅಮ್ಮನ ಆಪರೇಷನ್ ಒಂದು ರೂಪಾಯಿ ಖರ್ಚಿಲ್ಲದೆ ಆಯಿತು. ಓನರ್ರು ಬಾಳೆಹಣ್ಣು, ಬ್ರೆಡ್ಡು ಹಿಡಿದು ಆಸ್ಪತ್ರೆಗೆ ಬಂದಿದ್ದರು. ವಾರ್ಡಿಗೆಲ್ಲ ಕೇಳುವಂತೆ ಆರೋಗ್ಯ ವಿಚಾರಿಸಿ ನರ್ಸಿನಿಂದ ಬೈಸಿಕೊಂಡರು. ಮೆಟ್ಟಿಲಿಳಿಯುವಾಗ ನಾನು, ಆ ಹಾಳೆ ಹರಿದದ್ದು ನಾನು ಮಾಡಿದ ತಪ್ಪು ಎಂದೆ. "ಅಮ್ಮಂಗಾಗಿ ತಾನೆ ನೀನ್ ಮಾಡಿದ್ದು. ನಿಂದೂ ಸರಿ ಬಿಡಮ್ಮ" ಎಂದು ತಲೆ ಮುಟ್ಟಿ ಹೋದರು.

ಮರುವರ್ಷ ಒಂದು ಮಧ್ಯಾಹ್ನ ಕರೆಂಟು ಹೋದಾಗ ನಾವೆಲ್ಲ ಟೀ ಕುಡಿಯಲು ಹೊರಗೆ ಬಂದೆವು. ಅವರು ಮಗ್ಗದ ಪಕ್ಕದ ಬೆಂಚಿನಲ್ಲೇ ಕೂತಿದ್ದರು. ಕರೆಂಟು ಬಂದು, ನಾವು ಒಳಗೆ ಹೋಗಿ ಮಗ್ಗ ಓಡಿಸಿದ ಮೇಲೂ ಅವರು ಏಳಲಿಲ್ಲ. ಕಿವಿಯ ಮೇಲೆ ನೀಲಿ ಎಳೆ ಹಾಗೇ ಇತ್ತು.

ತಿಥಿ ಮುಗಿದ ಮೇಲೆ ಅಮ್ಮೋರು ಉಳಿದ ಮಗ್ಗಗಳನ್ನೂ ಮಾರಿದರು. ಮೀಟರು ತೆಗೆದುಕೊಂಡು ಹೋಗಿ ಎಂದು ಅರ್ಜಿ ಬರೆದುಕೊಡಲು ನನ್ನನ್ನೇ ಕರೆದರು. ಈ ಸಲ ಅಂಗಡಿಯಿಂದ ಬಿಳಿ ಹಾಳೆ ತಂದು ಬರೆದೆ.

ಅಮ್ಮ ಈಗ ಗಟ್ಟಿಮುಟ್ಟಾಗಿದ್ದಾಳೆ. ಬೆಳಿಗ್ಗೆ ನಲ್ಲಿಯ ಹತ್ತಿರ ಗಂಗಕ್ಕ ಸಿಕ್ಕರೆ ಅವಳು ಮುಖ ತಿರುಗಿಸಿ ಬಿಂದಿಗೆ ಎತ್ತಿಕೊಂಡು ಹೋಗುತ್ತಾಳೆ. ಅವಳ ವಯಸ್ಸಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಗಲಿಲ್ಲ, ಮನೆಯಲ್ಲಿ ಕೂತು ಕೂಲಿಗೆ ಹುಣಸೆಹಣ್ಣು ಬಿಡಿಸುತ್ತಾಳೆ. ಅವಳ ಸಿಟ್ಟೂ ಸರಿ. ಅಮ್ಮ ಬದುಕಿದ್ದೂ ಸರಿ. ಓನರ್ರು ಬರೆಸಿದ್ದು ಸುಳ್ಳು, ಬರೆದವಳು ನಾನು, ಅದನ್ನು ಸರಿ ಎನ್ನಲಾರೆ. ಆದರೆ ಸೇಠುವಿನಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ನಿಂದೂ ಸರಿ ಎಂದ ಆ ಮನುಷ್ಯನಿಗೆ, ನಿಮ್ಮದೂ ಸರಿ ಎಂದು ಒಂದು ಸಲವಾದರೂ ಯಾರಾದರೂ ಹೇಳಿದ್ದರೇ? ಆಸ್ಪತ್ರೆಯ ಮೆಟ್ಟಿಲಿನ ಮೇಲೆ ನಾನಾದರೂ ಹೇಳಬಹುದಿತ್ತು. ನಾನು ಅವರ ಚಪ್ಪಲಿ ನೋಡುತ್ತ ನಿಂತಿದ್ದೆ.