ಅಮ್ಮನ ಚವರಿ, ಸರೋಜಳ ಬೈತಲೆ

ಹೋದ ತಿಂಗಳು ಶಿರಾದ ಒಂದು ಅಂಗಡಿಯಲ್ಲಿ ನನ್ನ ತಾಯಿ ಮತ್ತು ನನ್ನ ಹೆಂಡತಿ ಒಂದು ಬೈತಲೆಗಾಗಿ ಜಗಳಕ್ಕೆ ನಿಂತರು. ನಡುವೆ ನಾನು. (ಇಂಥ ಹೊತ್ತಿನಲ್ಲಿ ಗಂಡಸರು ಬೀದಿ ನೋಡುತ್ತಾರೆ. ನಾನೂ ನೋಡಿದೆ.)

ಮೊದಲಿಂದ ಹೇಳುತ್ತೇನೆ. ನನ್ನ ಹೆಂಡತಿ ಸರೋಜ ಮಧುಗಿರಿಯಲ್ಲಿ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಟೀಚರ್. ಬೇಸಿಗೆಯಲ್ಲಿ ಟೈಫಾಯ್ಡ್ ಬಂತು. ಜ್ವರವೇನೋ ಬಿಟ್ಟಿತು, ಹಿಂದೆಯೇ ಕೂದಲೂ ಹೋಯಿತು. ಬಾಚಣಿಗೆ ಇಟ್ಟರೆ ಹಿಡಿಹಿಡಿಯಾಗಿ ಬರುತ್ತಿತ್ತು. "ಮತ್ತೆ ಬರುತ್ತೆ" ಅಂದರು ಡಾಕ್ಟರು. ಯಾವಾಗ? ಅದನ್ನು ಹೇಳಲಿಲ್ಲ.

ಸ್ಕೂಲು ಶುರುವಾಯಿತು. ಸರೋಜ ಹೋಗಲಿಲ್ಲ. ತಲೆತುಂಬ ಸೆರಗು ಹೊದ್ದು ಅಡುಗೆಮನೆ ಸೇರಿದಳು. ಯಾರಾದರೂ ಬಾಗಿಲು ತಟ್ಟಿದರೆ ಹಿತ್ತಿಲಿಗೆ ಎದ್ದು ಹೋಗುವಳು. ಇನ್ನೂ ರಜ ಎಳೆದರೆ ಬೇರೆಯವರನ್ನು ಹಾಕಬೇಕಾಗುತ್ತದೆ ಎಂದು ಹೆಡ್‌ಮಿಸ್ಟ್ರೆಸ್ ಹೇಳಿಕಳಿಸಿದರು.

"ಹಾಕ್ಕೊಳ್ಲಿ," ಅಂದಳು.

ಅವತ್ತು ಅಮ್ಮ ಟ್ರಂಕು ತೆರೆದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಚವರಿ ತಂದಳು. ಪ್ರಾಯದಲ್ಲಿ ಬಾಚುವಾಗ ಉದುರಿದ ತನ್ನದೇ ಕೂದಲನ್ನು ಕೂಡಿಟ್ಟು ಕಟ್ಟಿಸಿದ್ದು, ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದದ್ದು. ಈಗಲೂ ಕಪ್ಪಗೇ ಇತ್ತು.

"ನಾಟ್ಕದೋರಿಗೆ ಟೋಪನ್ ಮಾಡ್ಕೊಡೋ ಸಾಬ್ರು ಶಿರಾದಾಗವ್ರಂತೆ. ಇದ್ರಾಗೆ ನಿಂಗೊಂದು ಮಾಡ್ಸಣ, ಏಳು." (ನಾಟಕದವರು ತಲೆಗೆ ಹಾಕಿಕೊಳ್ಳುವ ಕಟ್ಟಿದ ಕೂದಲೇ ಟೋಪನ್.)

ಬಸ್ಸಿನಲ್ಲಿ ಶಿರಾಕ್ಕೆ ಹೋದೆವು. ಸಾಹೇಬರು ಸರೋಜಳ ತಲೆಗೆ ದಾರ ಹಿಡಿದು ಅಳತೆ ತೆಗೆದರು.

"ನೋಡಮ್ಮಾ, ಕೂದ್ಲು ಬಲೆಗೆ ಎಳೆಎಳೆಯಾಗಿ ಕಟ್ಟೋದು. ಯಾವ ಕಡೆ ಬಗ್ಸಿ ಕಟ್ತೀನೋ ಆ ಕಡೇನೇ ಬೀಳೋದು. ಆಮೇಲೆ ತಿರುಗ್ಸಕ್ಕಾಗಲ್ಲ. ಪೈಲೇ ಹೇಳ್ಬುಡಿ, ಬೈತಲೆ ಎಲ್ಲಿ?"

"ನಡೂಕೆ," ಅಂದಳು ಅಮ್ಮ.

"ಎಡಕ್ಕೆ," ಅಂದಳು ಸರೋಜ. ಜ್ವರ ಬಿಟ್ಟ ಮೇಲೆ ಅವಳ ದನಿ ಇಷ್ಟು ಗಟ್ಟಿಯಾಗಿ ಕೇಳಿದ್ದು ಅವತ್ತೇ.

"ಓರೆ ಬೈತಲೆ ಸಿನ್ಮಾದೋರು ತೆಗೀತಾರೆ. ಮುತ್ತೈದೆ ನೀನು, ಬೈತಲೆಗೆ ಕುಂಕುಮ ಹೆಂಗಿಡ್ತೀಯ? ನನ್ ಕೂದ್ಲು ಯಾವತ್ತೂ ಓರೆ ಬಿದ್ದಿಲ್ಲ ಕಣಮ್ಮ."

"ಕೂದ್ಲು ನಿಮ್ದೇ ಅತ್ತೆ. ತಲೆ ನಂದು. ನಮ್ಮನೇಲಿ ನಾನು ಎಡಕ್ಕೇ ಬಾಚ್ತಿದ್ದೆ. ಮದುವೆ ಆಗಿ ಬಂದ್ಮೇಲೆ ನೀವು ನಡೂಕೆ ತೆಗೆದ್ರಿ. ಸುಮ್ನಿದ್ದೆ."

ನನಗಿದು ಹೊಸ ಸುದ್ದಿ. ಅಮ್ಮನಿಗೂ ಇರಬೇಕು.

ಸಾಹೇಬರು ಯಾರ ಪರವೂ ವಹಿಸಲಿಲ್ಲ. ಚವರಿ ಬಿಚ್ಚಿ, ಎರಡು ಪಾಲು ಮಾಡಿ, ಮೊದಲು ನಡುಬೈತಲೆ ಬರುವ ಹಾಗೆ ಸರೋಜಳ ತಲೆಯ ಎರಡೂ ಕಡೆ ಇಳಿಬಿಟ್ಟು ಕನ್ನಡಿ ಕೊಟ್ಟರು. ಅಮ್ಮ ಹಿಂದಿನಿಂದ ಬಗ್ಗಿ ನೋಡಿದಳು. ನಾನೂ ನೋಡಿದೆ. ಕನ್ನಡಿಯಲ್ಲಿ ಇದ್ದದ್ದು ಸರೋಜ ಅಲ್ಲ, ಪ್ರಾಯದ ಅಮ್ಮ.

"ಇದು ನಾನೇ ಆಗೋಯ್ತು ಕಣ್ಲಾ," ಅಂದಳು ಅಮ್ಮ, ನನ್ನ ಕಡೆ ತಿರುಗಿ. "ಇವ್ಳೆಲ್ಲೋದ್ಲು?"

ಆಮೇಲೆ ತಾನೇ ಬೆರಳಾಡಿಸಿ ಎಡಕ್ಕೆ ಬೈತಲೆ ತೆಗೆದು, ಉಳಿದ ಕೂದಲನ್ನೆಲ್ಲ ಬಲಕ್ಕೆ ಹಾಯಿಸಿದಳು. ಸರೋಜಳ ಹಣೆ ಅಗಲವಾಗಿ ಕಂಡಿತು. ಕಣ್ಣು ತುಂಬಿತ್ತು.

"ಈಗ ಬಂದ್ಲು. ಇಂಗೇ ಕಟ್ಬುಡಿ ಸಾಬ್ರೆ."

ಹೋದ ಸೋಮವಾರ ಸರೋಜ ಸ್ಕೂಲಿಗೆ ಹೊರಟಳು. ಅಮ್ಮ ಬೀದಿ ಕೊನೆಯವರೆಗೂ ಜೊತೆಗೆ ನಡೆದಳು, ಹಿಂದೆ ನಾನು. (ಅಲ್ಲಿ ಏನೋ ಕೆಲಸವಿತ್ತಂತೆ. ಏನೂ ಇರಲಿಲ್ಲ.) ನಲ್ಲಿಯ ಹತ್ತಿರ ಒಬ್ಬರು ಕೊಡ ಇಳಿಸಿ, "ಕೂದ್ಲು ಎಷ್ಟು ಬೇಗ ಬಂತಲ್ಲಮ್ಮಾ?" ಅಂದರು. ಸರೋಜ ಸೆರಗು ಎಳೆದುಕೊಳ್ಳುತ್ತಾಳೆ ಅಂದುಕೊಂಡೆ.

"ನಮ್ಮತ್ತೇದು," ಅಂದಳು. ಮುಂದಕ್ಕೆ ನಡೆದಳು.

ಸಂಜೆ ಪಾಠ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡು ಬಂದಳು. ಟೋಪನ್ ತೆಗೆದರೆ ಒಳಗೆ ಅವಳದೇ ಕೂದಲು ಗರಿಕೆಯ ಹಾಗೆ ಚಿಗುರುತ್ತಿದೆ. ಅಮ್ಮ ದಿನಾ ಅದಕ್ಕೆ ಎಣ್ಣೆ ಹಚ್ಚುತ್ತಾಳೆ, ಎಡಕ್ಕೋ ನಡುವಿಗೋ ಎಂಬ ಮಾತೇ ಎತ್ತುವುದಿಲ್ಲ.

ಅತ್ತೆ ಸೊಸೆಯ ಜುಟ್ಟು ಹಿಡಿದ ಕಥೆ ಊರೂರಲ್ಲೂ ಹೇಳುತ್ತೇವೆ. ಜುಟ್ಟು ಕೊಟ್ಟ ಅತ್ತೆಯ ಕಥೆಯನ್ನೂ ಯಾರಾದರೂ ಹೇಳಬೇಡವೇ?