ಒಂದೇ ಹೆಸರಿನ ಇಬ್ಬರು

ಜಗಳೂರಿನ ಹೊನ್ನೂರಮ್ಮ ಚನ್ನಗಿರಿಯ ಒಂದು ಸೇವಾಸಂಸ್ಥೆಯಲ್ಲಿ ಕ್ಷಯರೋಗಿಗಳ ರಿಜಿಸ್ಟರ್ ಬರೆಯುತ್ತ ಹನ್ನೊಂದು ವರ್ಷ ಕಳೆದಿದ್ದಳು. ೧೯೮೭ರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಹೊನ್ನಾಳಿ, ನ್ಯಾಮತಿ, ಜಗಳೂರು ಕೇಂದ್ರಗಳ ಪಟ್ಟಿಗಳನ್ನು ಕೂಡಿಸಿ, ತಿಂಗಳ ಔಷಧಿ ಕಳಿಸಲು ಒಂದೇ ಪಟ್ಟಿ ತೆಗೆಯಬೇಕಿತ್ತು. ದಾವಣಗೆರೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಬಸವರಾಜಪ್ಪ ಮೇಷ್ಟ್ರು ಅವಳಿಗೆ ಕಂಪ್ಯೂಟರ್ ಕೆಲಸ ಕಲಿಸಿದರು.

ಒಂದು ಕೇಂದ್ರದವರು ತಾರೀಖು ಮೊದಲು ಬರೆದರೆ ಇನ್ನೊಂದರವರು ತಿಂಗಳು ಮೊದಲು. ಕೆಲವರ ಹೆಸರು ಎರಡೆರಡು ಕಡೆ. ಅವನ್ನೆಲ್ಲ ಕಂಪ್ಯೂಟರ್ ಸರಿಪಡಿಸುವ ಹಂತಗಳನ್ನು ಹೊನ್ನೂರಮ್ಮ ತಾನೇ ಬರೆದಳು: ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಇದ್ದರೆ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು.

"ವಯಸ್ಸೂ ನೋಡಬೇಕೇನ್ರೀ ಮೇಷ್ಟ್ರೆ?"

"ವಯಸ್ಸು ಎಲ್ಲರೂ ಅಂದಾಜಿಗೆ ಬರೆಸಿರ್ತಾರೆ. ಅದನ್ನ ನೋಡಾಕೆ ಹೋದ್ರೆ ಒಂದೂ ತಾಳೆ ಆಗಲ್ಲ. ಬಿಡ್ರಿ."

ಬಿಟ್ಟಳು. ವಾರಗಟ್ಟಲೆ ಹಿಡಿಯುತ್ತಿದ್ದ ಪಟ್ಟಿ ಒಂದೇ ದಿನಕ್ಕೆ ಅಚ್ಚಾಗಿ ಬಂದಾಗ ಅವಳಿಗೆ ಹಿಡಿಸಲಾರದಷ್ಟು ಸಂತೋಷ.

ನಾಲ್ಕು ತಿಂಗಳ ಮೇಲೆ ನ್ಯಾಮತಿಯಿಂದ ಕಲ್ಲಮ್ಮ ಎಂಬಾಕೆ ಬಂದಳು. "ನಮ್ಮ ಯಜಮಾನ್ರ ಹೆಸರು ಹಾಲೇಶಪ್ಪ. ಔಷಧಿಗೆ ಹೋದಾಗೆಲ್ಲ ಪಟ್ಟಿಯಾಗೆ ನಿಮ್ದು ಇಲ್ಲ ಅಂತಾರೆ. ಮೊದ್ಲು ಕೊಡ್ತಿದ್ರಲ್ಲಕ್ಕ?"

ಹೊನ್ನೂರಮ್ಮ ಹಳೇ ರಿಜಿಸ್ಟರ್ ತೆರೆದಳು. ನ್ಯಾಮತಿಯಲ್ಲಿ ಗಾದ್ರಪ್ಪನ ಮಗ ಹಾಲೇಶಪ್ಪ ಇಬ್ಬರಿದ್ದರು. ಒಬ್ಬರಿಗೆ ಅರವತ್ತೊಂದು, ಇನ್ನೊಬ್ಬನಿಗೆ ಇಪ್ಪತ್ತೊಂಬತ್ತು. ಹೊಸ ಪಟ್ಟಿಯಲ್ಲಿ ಉಳಿದದ್ದು ಅರವತ್ತೊಂದರವರು ಮಾತ್ರ; ಕಲ್ಲಮ್ಮನ ಗಂಡ ಚಿಕ್ಕವನು.

ಅಂದೇ ಔಷಧಿ ಹಿಡಿದು ಕಲ್ಲಮ್ಮನ ಜೊತೆ ಬಸ್ ಹತ್ತಿದಳು. ಹಾಲೇಶಪ್ಪನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. "ನನ್ನ ಹೆಸರು ಸಿಕ್ತೇನಕ್ಕ?" ಎಂದು ಕೇಳಿದ. ಅವಳು ಔಷಧಿ ತೆಗೆದು ಕಲ್ಲಮ್ಮನ ಕೈಗಿಟ್ಟಳು. ಇಪ್ಪತ್ತು ದಿನಕ್ಕೆ ಅವನು ತೀರಿಕೊಂಡ.

"ಕಂಪ್ಯೂಟರ್ ಮಾಡಿದ ತಪ್ಪು, ಮನಸ್ಸಿಗೆ ಹಚ್ಕೋಬೇಡ್ರಿ," ಎಂದರು ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪ.

"ಅದಕ್ಕೆ ಹಂಗೆ ಮಾಡು ಅಂತ ಹೇಳಿದೋಳು ನಾನು ಸಾರ್."

ಕೆಲಸ ಬಿಡುತ್ತೇನೆ ಎಂದಳು. ಆದರೆ ಕಂಪ್ಯೂಟರ್ ಕೆಲಸ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ, ಉಳಿದಳು. ಹಳೇ ರಿಜಿಸ್ಟರ್‌ಗಳನ್ನು ಹರವಿಕೊಂಡು ಸಾಲುಸಾಲಾಗಿ ಹೋಲಿಸಿದಳು. ಅಳಿಸಿಹೋದವರು ಇನ್ನೂ ಮೂವರಿದ್ದರು. ಇಬ್ಬರು ಸಿಕ್ಕಿದರು, ಬದುಕಿದ್ದರು. ಮೂರನೆಯವಳು ಜಗಳೂರಿನ ಸುಂಕಲಮ್ಮ. ಮನೆಗೆ ಬೀಗ ಬಿದ್ದಿತ್ತು, ಎಲ್ಲಿ ಹೋದಳೆಂದು ನೆರೆಯವರಿಗೂ ಗೊತ್ತಿರಲಿಲ್ಲ.

ಹೊನ್ನೂರಮ್ಮ ಅವಳ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿದಳು. ತಿಂಗಳು ತಿಂಗಳೂ ಔಷಧಿ ಜಗಳೂರಿಗೆ ಹೋಗಿ, ಹಾಗೇ ವಾಪಸ್ ಬರುತ್ತಿತ್ತು.