ಹಾಡು ಬಿಟ್ಟವರ ಮಾತು

೨೦೧೬ರಲ್ಲಿ ನಾನು ಹ್ಯೂಸ್ಟನ್ನಿನ ಒಂದು ಪುನಶ್ಚೇತನ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಸ್ಟ್ರೋಕ್‌ನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಓದು ಮುಗಿಸಿ ಟೆಕ್ಸಾಸಿಗೆ ಬಂದು ಆಗಲೇ ಎರಡು ದಶಕಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ಕನ್ನಡದಲ್ಲೇ ಚಿಕಿತ್ಸೆ ಕೊಡುವ ಸಂದರ್ಭ ಬಂದದ್ದು ತೀರಾ ಅಪರೂಪ. ಹಾಗೆ ಬಂದವರಲ್ಲಿ ವಸುಧಾ ಒಬ್ಬರು.

ಮೂಲ ಧಾರವಾಡ, ಮನೆ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ. ವಯಸ್ಸು ಐವತ್ತೆಂಟು. ಪತಿ ರಘುನಾಥರಾಯರು ತೈಲ ಕಂಪನಿಯ ಎಂಜಿನಿಯರ್. ಮಿದುಳಿನ ಎಡಭಾಗಕ್ಕೆ ಆದ ಸ್ಟ್ರೋಕ್ ವಸುಧಾ ಅವರ ಬಲಗೈಯನ್ನೂ ಮಾತನ್ನೂ ಕಿತ್ತುಕೊಂಡಿತ್ತು. ವೈದ್ಯಭಾಷೆಯಲ್ಲಿ ಇದಕ್ಕೆ ಅಫೇಸಿಯಾ ಎನ್ನುತ್ತೇವೆ. ಎದುರಿನವರು ಹೇಳಿದ್ದು ಅರ್ಥವಾಗುತ್ತದೆ, ತಾನು ಹೇಳಬೇಕಾದದ್ದೂ ಮನಸ್ಸಿನಲ್ಲಿ ಇರುತ್ತದೆ, ಆದರೆ ಬಾಯಿಗೆ ಬರುವುದಿಲ್ಲ.

ಇಂಥವರಲ್ಲಿ ಕೆಲವರಿಗೆ ಆಡಲಾಗದ ಮಾತನ್ನು ಹಾಡಲು ಬರುತ್ತದೆ. ರಾಗ ಹಿಡಿಯುವ ಕೆಲಸವನ್ನು ಬಹುಮಟ್ಟಿಗೆ ಮಿದುಳಿನ ಬಲಭಾಗ ಮಾಡುವುದರಿಂದ, ‘ನೀರು ಬೇಕು’ ಎಂಬಂಥ ಸಣ್ಣ ಮಾತುಗಳನ್ನು ರಾಗವಾಗಿ ಹೇಳಿಸಿ, ಮೆಲ್ಲಗೆ ರಾಗ ಬಿಡಿಸುತ್ತೇವೆ. ವಸುಧಾ ಹಿಂದೂಸ್ತಾನಿ ಕಲಿತವರೆಂದು ತಿಳಿದಾಗ ನನಗೆ ಸಂತೋಷವಾಯಿತು. ಅವರ ಎಡಗೈ ಹಿಡಿದು ತಾಳ ತಟ್ಟುತ್ತಾ ಗುನುಗಿದೆ. ಅವರು ತುಟಿ ಬಿಗಿದು, ಕೈ ಬಿಡಿಸಿಕೊಂಡು, ಗೋಡೆಯ ಕಡೆ ತಿರುಗಿದರು. ಮರುದಿನವೂ ಅದೇ. ಅದು ಆಗದವರ ಮುಖವಲ್ಲ, ಒಲ್ಲದವರ ಮುಖ.

ಕಾರಿಡಾರಿನಲ್ಲಿ ರಾಯರು ನನ್ನನ್ನು ತಡೆದರು. “ಅಕಿ ಹಾಡೂದಿಲ್ರೀ ಮೇಡಂ. ನಾಲ್ಕು ವರ್ಷ ಆತು, ಹಾಡು ಬಿಟ್ಟಾಳ.”

ಕಾರಣವನ್ನೂ ಅವರೇ ಹೇಳಿದರು. ಮಗಳು ನಂದಿನಿ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಹ್ಯೂಸ್ಟನ್ನಿನಲ್ಲಿ ತಾಯಿಯ ಸಂಗೀತ ಕಛೇರಿ ಇದ್ದ ದಿನ, ಮುಂಚಿತವಾಗಿ ಹೇಳದೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕೆಂದು ಕಾರು ಹತ್ತಿದ್ದಾಳೆ. ಹೆದ್ದಾರಿಯಲ್ಲಿ ಟ್ರಕ್ಕೊಂದು ಅಡ್ಡ ಬಂತು. ತಾಯಿ ಹಾಡಿ ಮುಗಿಸುವ ಹೊತ್ತಿಗೆ ಮಗಳು ಇರಲಿಲ್ಲ. ಹದಿಮೂರನೆಯ ದಿನ ವಸುಧಾ ದೇವರ ಮುಂದೆ ನಿಂತು, ಇನ್ನು ಈ ಬಾಯಲ್ಲಿ ಹಾಡಿಲ್ಲ ಎಂದು ಆಣೆ ಮಾಡಿದರು. ತಂಬೂರಿಯನ್ನು ಯಾರಿಗೋ ಕೊಟ್ಟುಬಿಟ್ಟರು.

ರಾಯರ ಒಪ್ಪಿಗೆ ಪಡೆದು ಈ ವಿಷಯವನ್ನು ನಮ್ಮ ವಾರದ ಸಭೆಯಲ್ಲಿ ಹೇಳಿದೆ. ರೋಗಿಗಳ ಮನಸ್ಸಿಗೆ ಆಸರೆಯಾಗಲೆಂದು ಆಸ್ಪತ್ರೆಯಲ್ಲಿ ಹಾನಾ ಎಂಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇದ್ದರು. ಸಭೆ ಮುಗಿದ ಮೇಲೆ ನನ್ನ ಪಕ್ಕ ಬಂದು ಕುಳಿತರು.

“ನಮ್ಮಲ್ಲಿ ಆಣೆ ಎಂದರೆ ಹುಡುಗಾಟವಲ್ಲ” ಎಂದರು. “ಆದರೆ ನಮ್ಮ ಹಿರಿಯರು ಅದಕ್ಕೊಂದು ಬಾಗಿಲು ಇಟ್ಟಿದ್ದಾರೆ. ಆಣೆ ಮಾಡಿದವರು ಮೂವರ ಮುಂದೆ ಬರುತ್ತಾರೆ. ಆ ಮೂವರು ದೊಡ್ಡ ವಿದ್ವಾಂಸರಾಗಿರಬೇಕಿಲ್ಲ. ಈ ಆಣೆಯಿಂದ ಏನೇನಾಗುತ್ತದೆಂದು ಅಂದೇ ಗೊತ್ತಿದ್ದರೆ ಮಾಡುತ್ತಿದ್ದೆಯಾ ಎಂದು ಕೇಳುತ್ತಾರೆ. ಇಲ್ಲ ಎಂದು ಮನಸಾರೆ ಹೇಳಿದರೆ, ಮೂವರೂ ಬಿಡುಗಡೆ ಕೊಡುತ್ತಾರೆ. ತನ್ನ ಕಟ್ಟನ್ನು ತಾನೊಬ್ಬನೇ ಬಿಚ್ಚಿಕೊಳ್ಳಲಾಗದು ಎಂಬುದು ನಮ್ಮ ನಂಬಿಕೆ.”

ಈ ವಿಧಿ ತಮ್ಮ ಧರ್ಮದವರದು, ಅದನ್ನು ವಸುಧಾ ಅವರ ಮೇಲೆ ಹೇರುವುದಿಲ್ಲ ಎಂದೂ ಹೇಳಿದರು. ಪ್ರಶ್ನೆಯನ್ನು ಮಾತ್ರ ಯಾರಾದರೂ ಯಾರನ್ನಾದರೂ ಕೇಳಬಹುದಿತ್ತು. ಹಾಗೆ ಮೂವರು ಕುಳಿತು ಪ್ರಶ್ನೆ ಕೇಳಬಹುದೇ ಎಂದು ವಸುಧಾ ಅವರನ್ನು ಕೇಳಿದೆ. ತಲೆಯಾಡಿಸಿ ಒಪ್ಪಿದರು.

ಆ ಭಾನುವಾರ ಡಾಲಸ್ ಬಳಿಯ ಫ್ರಿಸ್ಕೋದಿಂದ ಮಗ ಕಾರ್ತಿಕ್ ಬಂದ. ಹಾನಾ, ರಾಯರು, ಕಾರ್ತಿಕ್ ಹಾಸಿಗೆಯ ಸುತ್ತ ಕುಳಿತರು. ಹಾನಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: “ಒಂದು ದಿನ ಮಾತು ಹೋಗುತ್ತೆ, ಮಾತು ವಾಪಸ್ ಬರೋಕೆ ಹಾಡೇ ದಾರಿ ಅಂತ ಅವತ್ತೇ ಗೊತ್ತಿದ್ದಿದ್ದರೆ, ಆಣೆ ಮಾಡ್ತಿದ್ರಾ?”

ವಸುಧಾ ಹೌದೆಂದು ತಲೆಯಾಡಿಸಿದರು. ಒಂದಿಷ್ಟೂ ತಡವರಿಸಲಿಲ್ಲ.

ಕಾರ್ತಿಕ್ ತಾಳ್ಮೆ ಕಳೆದುಕೊಂಡ. “ಅಮ್ಮಾ, ಪ್ಲೀಸ್! ಸುಮ್ನೆ ನೋ ಅನ್ನು!”

ಹಾನಾ ಅವನ ತೋಳು ಮುಟ್ಟಿದರು. “ಪಶ್ಚಾತ್ತಾಪ ಇಲ್ಲದೆ ಬಿಡುಗಡೆ ಇಲ್ಲ. ಅವರು ನಿಜ ಹೇಳಿದ್ದಾರೆ.” ಹೀಗೆಂದು ಎದ್ದು ನಿಂತರು.

ಅಷ್ಟರಲ್ಲಿ ರಾಯರ ಬಾಯಿಂದ ಮಾತು ಹೊರಟಿತು. ಅವರು ಯಾರನ್ನೂ ನೋಡುತ್ತಿರಲಿಲ್ಲ.

“ನೀ ಹಾಡು ಬಿಟ್ಟ ದಿನದಿಂದ ನಮ್ಮ ಮನ್ಯಾಗ ನಂದೂನ ಹೆಸರೂ ಹೋತು, ವಸುಧಾ. ನಿನ್ನ ಮುಂದ ಆಕಿ ಹೆಸರು ತಗೀಲಿಕ್ಕೆ ನನಗ ಅಂಜಿಕಿ. ಆಫೀಸಿನ ಪಾರ್ಕಿಂಗ್‌ನ್ಯಾಗ ಕಾರಿನ ಕಿಟಕಿ ಏರಿಸಿ ನಾ ಒಬ್ಬನ ಅಳ್ತೀನಿ. ಆಕಿ ನನಗೂ ಮಗಳಲ್ಲೇನು?”

ಕಾರ್ತಿಕ್ ತಂದೆಯನ್ನೇ ನೋಡುತ್ತಿದ್ದ. “ನಾನೂ ಹಾಗೇ ಅಪ್ಪ” ಎಂದ, ಮೆಲ್ಲಗೆ.

ವಸುಧಾ ಒಮ್ಮೆ ಗಂಡನನ್ನು, ಒಮ್ಮೆ ಮಗನನ್ನು ನೋಡಿದರು. ತನ್ನೊಬ್ಬಳ ಮೇಲೆ ಹಾಕಿಕೊಂಡ ಶಿಕ್ಷೆಯನ್ನು ಇಡೀ ಮನೆ ಅನುಭವಿಸಿದ್ದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ರಾಯರ ಮಾತನ್ನು ನಾನು ಇಂಗ್ಲಿಷಿನಲ್ಲಿ ತಿಳಿಸಿದ ಮೇಲೆ ಹಾನಾ ಮತ್ತೆ ಕುಳಿತು, ತಗ್ಗಿದ ದನಿಯಲ್ಲಿ, “ಇದು ಗೊತ್ತಿದ್ದರೆ?” ಎಂದು ಕೇಳಿದರು.

ಈ ಸಲ ಇಲ್ಲವೆಂದು ತಲೆ ಅಲ್ಲಾಡಿತು. ಎಡಗೈ ಹಾಸಿಗೆಯ ಮೇಲೆ ತಡಕಾಡಿ ಗಂಡನ ಅಂಗಿಯ ತೋಳನ್ನು ಹಿಡಿಯಿತು.

“ಬಿಡುಗಡೆ ಆತು” ಎಂದರು ರಾಯರು. ಕಾರ್ತಿಕ್ ಅದನ್ನೇ ತನ್ನ ತೊದಲುಗನ್ನಡದಲ್ಲಿ ಹೇಳಿದ. ಹಾನಾ ತಮ್ಮ ಹೀಬ್ರೂ ಭಾಷೆಯಲ್ಲಿ ಮೂರು ಸಲ ಹೇಳಿದರು.

ಆಗ ಯಾರೂ ಹಾಡಲಿಲ್ಲ. ನಾಲ್ವರೂ ಅತ್ತರು. ಎರಡು ದಿನ ಬಿಟ್ಟು ನಾನು ತಾಳ ತಟ್ಟಿದಾಗ ಮಾತ್ರ ವಸುಧಾ ಕೈ ಬಿಡಿಸಿಕೊಳ್ಳಲಿಲ್ಲ. ಗಂಟಲು ಒಡೆದಿತ್ತು, ಸ್ವರ ಅಲುಗಾಡುತ್ತಿತ್ತು. ಸ್ಟ್ರೋಕ್ ಆದ ಮೇಲೆ ಅವರ ಬಾಯಿಂದ ಸ್ಪಷ್ಟವಾಗಿ ಹೊರಟ ಮೊದಲ ಮಾತು ರಾಗವಾಗಿ ಬಂತು: “ನಂ…ದೂ.” ಬಾಗಿಲಲ್ಲಿ ನಿಂತಿದ್ದ ರಾಯರು ಗೋಡೆಗೆ ಒರಗಿಕೊಂಡರು.

ಇದನ್ನು ಓದಿ ಯಾರೂ ಪವಾಡವೆಂದು ತಿಳಿಯಬಾರದು. ವಸುಧಾ ಅವರಿಗೆ ಪೂರ್ತಿ ಮಾತು ಬರಲೇ ಇಲ್ಲ. ಚಿಕಿತ್ಸೆಯ ಅವಧಿ ಮುಗಿದಾಗ ಬೆರಳೆಣಿಕೆಯಷ್ಟು ಮಾತುಗಳು ಬಂದಿದ್ದವು, ಅವೂ ರಾಗದ ಮೇಲೆ. ದಂಪತಿ ಮಗನ ಮನೆಗೆ, ಫ್ರಿಸ್ಕೋಗೆ ಹೋದರು. ಮರುವರ್ಷ ಎರಡನೆಯ ಸ್ಟ್ರೋಕ್ ಆಯಿತು. ಈ ಸಲ ಅವರು ಉಳಿಯಲಿಲ್ಲ.

ಸುದ್ದಿ ತಿಳಿಸಲು ರಾಯರೇ ಫೋನ್ ಮಾಡಿದ್ದರು. “ದಿನಾ ಸಂಜೀಕ ಮೂರೂ ಮಂದಿ ಕೂಡಿ ಕೂಡತಿದ್ವಿ ಮೇಡಂ. ಅಕಿ ಮಗಳ ಹೆಸರು ಹಾಡಾಕಿ, ನಾವು ನಂದೂನ ಮಾತು ತಗೀತಿದ್ವಿ. ಒಂದ ವರ್ಷ ಸಿಕ್ತು. ತಡಾ ಆತು, ಖರೆ. ಆದ್ರ ಸಿಕ್ತು.”

ಆ ಫೋನ್ ಇಟ್ಟ ಮೇಲೆ ಅಂದಿನ ಮುಂದಿನ ರೋಗಿಯನ್ನು ನೋಡಲು ಹೋದೆ. ಹೊಸ ರೋಗಿಗೆ ಏನೇನು ಮಾಡಲು ಆಗುವುದಿಲ್ಲ ಎಂದು ಕೇಳುವುದು ನಮ್ಮ ವೃತ್ತಿಯ ಮೊದಲ ಪಾಠ. ಅಂದಿನಿಂದ ನಿವೃತ್ತಿಯವರೆಗೂ, ಅವರ ಮನೆಯವರೂ ಎದುರಿಗಿರುವಾಗ, ಇನ್ನೊಂದನ್ನೂ ಸೇರಿಸಿ ಕೇಳುತ್ತಿದ್ದೆ: ನೀವಾಗಿಯೇ ಬಿಟ್ಟದ್ದು ಏನಾದರೂ ಇದೆಯೇ? ಎಷ್ಟೋ ಸಲ ರೋಗಿಗಿಂತ ಮೊದಲು ಪಕ್ಕದಲ್ಲಿ ಕುಳಿತವರ ಕಣ್ಣು ತುಂಬುತ್ತಿತ್ತು.